ತುಂಡು ಮಾಡಬೇಡ

ಕಾಸರಕೋಡು ಟೊಂಕ. ಮೀನುಗಾರರ ಸೊಸೈಟಿಯ ಹಿಂಕೋಣೆ.
ರಾತ್ರಿ ಒಂದೂಕಾಲು.
ಒಂದು ಸರ್ವರಿನ ಒಡಲಲ್ಲಿ ನಾಲ್ಕು ಸರ್ವರು:
ಡೀಸೆಲ್ ಟೋಕನ್ನಿನದು, ಐಸ್ ಪ್ಲಾಂಟಿನದು, ಹರಾಜಿನದು,
ನಾಲ್ಕನೆಯದು ಯಾಕಿದೆಯೆಂದು ಈಗ ಯಾರಿಗೂ ನೆನಪಿಲ್ಲ.
ನಾಲ್ಕೂ ಉಸಿರು ಕಟ್ಟಿ ನಿಂತಿವೆ.
ಸತ್ತಿಲ್ಲ. ಸತ್ತಿದ್ದರೆ ಎಬ್ಬಿಸುವ ಕ್ರಮ ನನಗೆ ಗೊತ್ತು.
ಪರದೆಯ ಮೇಲೆ ಬೂದು ಅಕ್ಷರ:
ಸ್ಟೋರೇಜ್ ಸಿಗುತ್ತಿಲ್ಲ.

ಸ್ಟೋರೇಜ್ ಇರುವುದು ಅಂಗಳದಾಚೆ,
ಐಸ್ ಪ್ಲಾಂಟಿನ ಮಾಳಿಗೆಯಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ.
ಹನ್ನೆರಡು ಡಿಸ್ಕು, ಹನ್ನೆರಡೂ ಹಸಿರು ಕಣ್ಣು.
ಹತ್ತಿ ನೋಡಿ ಬಂದೆ. ಮತ್ತೊಮ್ಮೆ ಹತ್ತಿದೆ.
ಕೇಬಲ್ಲಿನ ತುದಿ ಕಿತ್ತು, ದುಪಟ್ಟಾದಂಚಿನಲ್ಲಿ ಒರೆಸಿ,
ಊದಿ, ಮತ್ತೆ ಚುಚ್ಚಿದೆ.
ಇಲ್ಲಿ ಯಾವ ತಪ್ಪನ್ನೂ ಮೊದಲು
ಉಪ್ಪುಗಾಳಿಯ ತಲೆಗೆ ಕಟ್ಟುವುದು ರೂಢಿ.
ಅದು ಎದುರುತ್ತರ ಕೊಡುವುದಿಲ್ಲ.

ಪಿಂಗ್ ಕಳಿಸಿದೆ.
ಹೋಯಿತು, ಬಂತು.
ಹೋಯಿತು, ಬಂತು.
ಒಂದು ಮಿಲಿಸೆಕೆಂಡಿಗೂ ಕಮ್ಮಿ.
‘ಇದ್ದೀಯಾ?’ ‘ಇದ್ದೇನೆ.’
ಇದ್ದರೆ ಬಾಗಿಲು ಯಾಕೆ ತೆರೆಯುವುದಿಲ್ಲ ಮಾರಾಯ?
ಪರವಾನಗಿ ಸರಿ. ಹೆಸರು ಸರಿ. ವಿಳಾಸ ಸರಿ.
ಎರಡೂ ಕಡೆಯ ಗಡಿಯಾರ ಸರಿ.
ಫೈರ್‌ವಾಲ್ ಇಳಿಸಿ ನೋಡಿ, ಹೆದರಿ, ಮತ್ತೆ ಏರಿಸಿದೆ.
ಲಾಗ್ ಮಾತ್ರ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ
ಕಾದೆ, ಉತ್ತರ ಬರಲಿಲ್ಲ,
ಕಾದೆ, ಉತ್ತರ ಬರಲಿಲ್ಲ.

ಹೊರಗೆ ಧಕ್ಕೆಯಲ್ಲಿ ಬೋಟುಗಳು ಎಣ್ಣೆಗೆ ಕಾದಿವೆ.
ನಾಲ್ಕಕ್ಕೆ ಭರತ. ತಪ್ಪಿದರೆ ಒಂದು ದಿನದ ಮೀನು ತಪ್ಪಿತು.

ವಾಚ್‌ಮನ್ ಜಟ್ಟಪ್ಪ ಮೊಗೇರ ಚಾ ತಂದ,
ಲೋಟದ ಮೇಲೆ ಲೋಟ ಬೋರಲು ಮುಚ್ಚಿ.
ಮೂವತ್ತು ವರ್ಷ ಬೋಟು ನಡೆಸಿದವನು,
ಮೊಣಕಾಲು ಕೈಕೊಟ್ಟ ಮೇಲೆ ಈ ಪ್ಲಾಸ್ಟಿಕ್ ಖುರ್ಚಿ.
‘ಎಂತ ತಂಗಿ, ದಾರಿ ಇಲ್ವಾ?’
‘ದಾರಿ ಉಂಟು. ಸಣ್ಣದು ಹೋಗಿ ಬರ್ತದೆ. ಕೆಲಸ ಆಗುದಿಲ್ಲ.’
ಅವನು ನಕ್ಕ.
‘ನಮ್ಮ ಅಳಿವೆದೂ ಅದೇ ಕತೆ.
ಪಾತಿದೋಣಿ ಆರಾಮ ದಾಟ್ತದೆ.
ನೀರು ಕಾಣ್ತದಲ್ಲ ಅಂದ್ಕಂಡು ದೊಡ್ಡ ಬೋಟು ಬಂದ್ರೆ
ಹೂಳಿಗೆ ಹೊಟ್ಟೆ ತಾಗಿ ಕೂತೇ ಬಿಡ್ತದೆ.
ಅದಕ್ಕೇ ಗಳ ಇಳ್ಸಿ ನೋಡುದು.’

ಲೋಟ ಕೆಳಗಿಟ್ಟೆ.
(ಆ ಚಾ ಕುಡಿಯಲೇ ಇಲ್ಲ. ಈಗಲೂ ಅದೊಂದು ಬೇಜಾರು.)

ದೊಡ್ಡದೊಂದು ಪೊಟ್ಟಣ ಕಟ್ಟಿದೆ,
ಎಂಟು ಸಾವಿರದ ಒಂಬೈನೂರ ಎಪ್ಪತ್ತೆರಡು ಬೈಟು,
ಮೇಲೊಂದು ಚೀಟಿ: ತುಂಡು ಮಾಡಬೇಡ.
ಹೋಯಿತು.

ಬರಲಿಲ್ಲ.
ನಾಲ್ಕು ಸಾವಿರ. ಬರಲಿಲ್ಲ.
ಎರಡು ಸಾವಿರ.
ಸಾವಿರದ ನಾನೂರ ಎಪ್ಪತ್ತೆರಡಕ್ಕೆ
ಥಟ್ಟನೆ ಬಂತು ಉತ್ತರ.
ಗಳ ನೆಲ ಮುಟ್ಟಿತು.

ಈ ತುದಿಗೆ ಒಂಬತ್ತು ಸಾವಿರದ ಬಾಯಿ,
ಆ ತುದಿಗೆ ಒಂಬತ್ತು ಸಾವಿರದ ಕಿವಿ,
ನಡುವೆ ಹೊಸ ಸ್ವಿಚ್ಚು:
ಸಾವಿರದೈನೂರು ಮೀರಿದ್ದನ್ನೆಲ್ಲ
ನುಂಗಿ ಸುಮ್ಮನಿರುವಂಥದು, ಒಂದು ತೇಗೂ ಇಲ್ಲ.
ಸಂಜೆಯ ಸಿಡಿಲಿಗೆ ಹಳೆಯದು ಸುಟ್ಟಾಗ
ಕುಮಟೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದು
ನಾಲ್ಕು ಸ್ಕ್ರೂ ತಿರುಗಿಸಿ ಕೂರಿಸಿದವಳು
ನಾನೇ.
ಪಿಂಗ್ ನೋಡಿದ್ದೆ. ಹೋಯಿತು, ಬಂತು.
ಕೊನೆಯ ಬಸ್ಸಿಗೆ ಓಡಿದ್ದೆ.
ಹನ್ನೊಂದಕ್ಕೆ ಜೀಪು ಕಳಿಸಿ ವಾಪಸು ಕರೆಸಿದ್ದಾರೆ,
ಡಿಸ್ಕಿಗೇ ಸಿಡಿಲು ಬಡಿದಿರಬೇಕೆಂದು ಪಾಪ ಅವರೇ ಮರುಗಿ.

ತಿದ್ದಿದ್ದು ಒಂದೇ ಅಂಕಿ.
ಹಳೆಯ ಹಿಡಿತ ಬಿಡಿಸಿ ಹೊಸದಾಗಿ ಕಟ್ಟಿದೆ.
ಎಲ್ಲಕ್ಕಿಂತ ಮೊದಲು ಆ ನಾಲ್ಕನೆಯದೇ ಎದ್ದು ಕೂತಿತು,
ಮಾಡಲು ಏನೂ ಕೆಲಸವಿಲ್ಲದೆ.
ಆಮೇಲೆ ಹರಾಜು, ಐಸು.
ಮೂರೂವರೆಗೆ ಟೋಕನ್ ಯಂತ್ರ ಕರಕರ ಎಂದು
ಮೊದಲ ಚೀಟಿ ಹೊರಗೆ ಚಾಚಿತು.

ರಿಜಿಸ್ಟರಿನಲ್ಲಿ ‘ಕಾರಣ’ ಎಂಬ ಕಾಲಂ
ಎರಡು ಬೆರಳಗಲ.
‘ಸಿಡಿಲು ಅಂತ ಬರಿ ತಂಗಿ, ಯಾರು ಕೇಳ್ತಾರೆ.’
ಸಿಡಿಲು, ಎಂದು ಬರೆದೆ. ಸುಳ್ಳೇನಲ್ಲ.
ಹೊರಗೆ ಒಂದೊಂದೇ ಎಂಜಿನ್ನು ಕೆಮ್ಮತೊಡಗಿದಾಗ
ಅದರ ಮುಂದೆಯೇ, ಕಾಲಂ ದಾಟಿ,
ಪಕ್ಕದ ‘ಷರಾ’ ದಾಟಿ, ಹೊಲಿಗೆಯ ದಾರದವರೆಗೂ,
ಉಳಿದದ್ದನ್ನೆಲ್ಲ ಒಂದೇ ವಾಕ್ಯದಲ್ಲಿ.